ಹುಣಿಸೇಪೇಟೆಗೆ ಬಟ್ಟು ಒಯ್ದದ್ದು

ತರಗುಪೇಟೆಯಲ್ಲಿ ಮೂಟೆಗಳಿನ್ನೂ ಮಲಗಿದ್ದವು.
ಐದೂವರೆಗೆ ಓಮ್ನಿಯ ಹಿಂದಿನ ಸೀಟು ಕಿತ್ತು
ತೂಕದ ಬಟ್ಟುಗಳನ್ನಿಟ್ಟೆವು, ನಾನೂ ಪಿಳ್ಳಪ್ಪನೂ:
ಇಪ್ಪತ್ತು ಕಿಲೋದವು ನಾಲ್ಕು, ಬಸುರಿ ಬೆಕ್ಕಿನಂಥವು;
ಐದು, ಎರಡು, ಒಂದು; ಆಮೇಲೆ ಹಿತ್ತಾಳೆಯ ಮರಿಗಳು,
ಮಖಮಲ್ಲಿನ ಗುಳಿಯಲ್ಲಿ ಒಂದು ಗ್ರಾಮಿನ ಕೂಸಿನವರೆಗೆ.
ಸರ್ಕಾರದ ಮುದ್ರೆ ಬೀಳುವ ಮುಂಚೆ
ತಕ್ಕಡಿಗಳ ಕಿವಿ ಹಿಂಡುವ ಕೆಲಸ ನಮ್ಮದು,
ಅಪ್ಪನ ಕಾಲದಿಂದ.

ಆನೇಕಲ್ಲಿನವರೆಗೆ ಹೇಳುವಂಥದ್ದೇನಿಲ್ಲ.
ಟಾರು, ಫ್ಲೈಓವರು, ಇಡ್ಲಿ.
ಆಮೇಲೆ ರಸ್ತೆ ಕರಿ ಕೋಟು ಬಿಚ್ಚಿಟ್ಟು
ಬರೀ ಜಲ್ಲಿಯಾಯಿತು,
ಕ್ರಷರಿನವರು ಲಾರಿಗೆಂದು ಸುರಿದು
ರೋಲರು ಹಾಯಿಸದೆ ಬಿಟ್ಟದ್ದು,
ನಲವತ್ತು ಮಿಲ್ಲಿಯದು, ಮುನಿಸಿಕೊಂಡದ್ದು.
ಹಿಂದೆ ಪೆಟ್ಟಿಗೆಯೊಳಗೆ ಬಟ್ಟುಗಳು ಬಾಯಿ ಬಿಟ್ಟವು.
ದೊಡ್ಡವು ಧಡ್ ಎಂದರೆ ಚಿಕ್ಕವು ಕಿಣಿಕಿಣಿ,
ಪಾಲಿನ ಮಾತೆತ್ತಿದ ಕೂಡುಕುಟುಂಬ.

ಎರಡನೇ ಗೇರಿನಲ್ಲಿ ಹದಿನೆಂಟು ಕಿಲೋಮೀಟರು.
ಹಿಡಿದ ಕೋಳಿಯ ಹಾಗೆ ಸ್ಟೀರಿಂಗು ಕೊಸರುತ್ತಿತ್ತು.
ಫೋನು ಮೂರು ಸಲ ತಮಿಳುನಾಡಿಗೆ ಸ್ವಾಗತ ಕೋರಿತು,
ಮೂರು ಸಲವೂ ನಾವು ಹೋಗಿರಲಿಲ್ಲ.
ಒಂದು ಪಂಕ್ಚರು.
ಸ್ಟೆಪ್ನಿ ಬಿಗಿದು ಹೊರಟರೆ
ಕೆಂಪು ಬಟ್ಟೆ ಹಿಡಿದ ಹೆಂಗಸೊಬ್ಬಳು ಅಡ್ಡ ನಿಂತಳು,
"ಸಿಡಿಸ್ತಾವ್ರೆ ಸಾರ್, ಸ್ವಲ್ಪ ಹೊತ್ತು."
ಬಾಯಲ್ಲಿ ವಿಶಲು ಇಟ್ಟುಕೊಂಡೇ ಮಾತು,
ಪ್ರತಿ ಸಕಾರಕ್ಕೂ ಒಂದು ಸಣ್ಣ ಸಿಳ್ಳೆ.
ಬೆಟ್ಟ ಒಮ್ಮೆ ಕೆಮ್ಮಿತು.
ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ
ಮೂವರ ರೆಪ್ಪೆಯೂ ಬೆಳ್ಳಗಾಯಿತು.
"ಈ ಬೆಟ್ಟಾನ ಯಾರಾನ ತೂಗವ್ರಾ?" ಕೇಳಿದ ಪಿಳ್ಳಪ್ಪ.
"ತೂಗ್ತಾನೇ ಅವ್ರೆ," ಅಂದಳು, "ಲಾರಿ ಲೆಕ್ಕದಾಗೆ."

ಹುಣಿಸೇಪೇಟೆ ಹೆಸರಿಗೆ ಪೇಟೆ.
ಏಳು ಅಂಗಡಿ, ಅದರಲ್ಲೊಂದು ಕ್ಷೌರದ್ದು.
ಬಸ್ಸು ತಿರುಗಿಸಲು ಜಾಗವಿದೆ, ಬಸ್ಸಿಲ್ಲ.
ಹುಣಿಸೆಮರ ಎಲ್ಲಿ ಎಂದು ಕೇಳಿದ್ದಕ್ಕೆ
ಟೀ ಕೊಟ್ಟವನು ನಕ್ಕು ಬೆಂಚನ್ನು ತಟ್ಟಿದ.
ಹನ್ನೊಂದು ವರ್ಷದಿಂದ ತೂಕದವರು ಯಾರೂ ಬಂದಿಲ್ಲವಂತೆ.
ಬಂದ ದಾರಿ ನೆನೆದು ನಾವು ಕಾರಣ ಕೇಳಲಿಲ್ಲ.

ಐದು ತಕ್ಕಡಿ ಬೇಗ ಮುಗಿದವು.
ಎಲ್ಲವೂ ಹತ್ತು ಹನ್ನೆರಡು ಗ್ರಾಮು
ಅಂಗಡಿಯವರ ಕಡೆಗೇ ವಾಲಿದ್ದವು,
ಪೇಟೆಯ ಗಾಳಿ ಬೀಸುವುದೇ ಆ ಕಡೆಗೆ.
ಆರನೆಯದು ಬಯ್ಯಮ್ಮನದು, ಕಬ್ಬಿಣದ ತೊಲೆ, ಎರಡು ತಟ್ಟೆ.
ಕಿಲೋಗೆ ಇಪ್ಪತ್ತು ಗ್ರಾಮು ಗಿರಾಕಿಗೆ ಜಾಸ್ತಿ.
ಮತ್ತೆ ತೂಗಿದೆ. ಮತ್ತೂ ಒಮ್ಮೆ.
"ಇಷ್ಟು ದಿನ ಲಾಸಮ್ಮ ನಿಂಗೆ," ಎಂದೆ.
"ಗೊತ್ತು ಕಣಪ್ಪ. ಮೊದಲನೇ ಉಗಾದಿಗೇ ಗೊತ್ತಾಯ್ತು.
ಅಷ್ಟರೊಳಗೆ ಊರಿನ ಕೈಗೆ ರೂಢಿಯಾಗೋಗಿತ್ತು."

ಬಟ್ಟಿನ ತಟ್ಟೆಯನ್ನು ಬೋರಲು ಹಾಕಿದೆ.
ತಳದಲ್ಲಿ ಸೀಸದ ಒಂದು ಬೆಸುಗೆ,
ಬೆರಳಲ್ಲಿ ಒತ್ತಿ ಎಡಕ್ಕೆ ಎಳೆದದ್ದು.
ಹಾಗೆ ಎಳೆಯುತ್ತಿದ್ದವನು ಒಬ್ಬನೇ.
ಕೈ ತಪ್ಪಿತೋ, ಅಥವಾ
ಟೀ ಕೊಟ್ಟಿದ್ದಳೋ ಬಯ್ಯಮ್ಮ, ಬೈದಿದ್ದಳೋ,
ಈಗ ಕೇಳೋಣವೆಂದರೆ ಅಪ್ಪನಿಲ್ಲ.
ಉಳಿಯಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡೆ.
ಧಾರಾಳಕ್ಕೆ ನಮ್ಮ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಆಗಲೇ ಒಬ್ಬ ಹುಡುಗ ಬಂದ, ಅರ್ಧ ಕಿಲೋ ಸಕ್ಕರೆ.
ಮುಳ್ಳು ನೆಟ್ಟಗೆ ನಿಂತಿತು.
ಹುಡುಗ ಪೊಟ್ಟಣವನ್ನು ಅಂಗೈಲಿ ಎರಡು ಸಲ ಕುಪ್ಪಳಿಸಿ
ನನ್ನನ್ನೇ ನೋಡಿದ.
ಬಯ್ಯಮ್ಮ ನನ್ನ ಕಡೆ ನೋಡದೆ
ಇನ್ನೊಂದು ಹಿಡಿ ಸುರಿದಳು.
ಹಿಡಿಗೆ ಮುದ್ರೆ ಒತ್ತುವ ಅಧಿಕಾರ ನನಗಿಲ್ಲ.

ವಾಪಸು ಹೊರಟಾಗ ಕತ್ತಲೆ.
ಹೆಡ್‌ಲೈಟಿನಲ್ಲಿ ಒಂದೊಂದು ಕಲ್ಲಿಗೂ ಒಂದೊಂದು ನೆರಳು.
ಒಂದು ನರಿ ನಡುದಾರಿಯಲ್ಲಿ ಕೂತು
ಕಾಲಿನ ಮುಳ್ಳು ಕೀಳುತ್ತಿತ್ತು, ಕಾಯ್ದೆವು.
ಬಟ್ಟುಗಳ ಜಗಳಕ್ಕೆ ತಲೆಯಾಡಿಸುತ್ತ
ಪಿಳ್ಳಪ್ಪ ಬಾಯಿ ತೆರೆದು ಮಲಗಿದ್ದ,
ತೊಡೆಯ ಮೇಲೆ ಒಂದು ಗ್ರಾಮಿನ ಡಬ್ಬಿ.

ಆಮೇಲೆ ಒಮ್ಮೆಲೇ ಸದ್ದು ನಿಂತುಹೋಯಿತು.
ಬೆಚ್ಚಿ ಎದ್ದ. "ಏನಾಯ್ತಣ್ಣ, ಊರು ಬಂತಾ?"
"ಇಲ್ಲ," ಎಂದೆ, "ಟಾರು."